ನಮ್ಮತ್ತೆ ರಸ್ತೆ ದಾಟಿದ್ದು

ನಿಮ್ಮ ಮನೆಯ ಮುಂದಿನ ರಸ್ತೆಯನ್ನು ದಾಟಲು ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ? ಎಂದಾದರೂ ಎಣಿಸಿ ನೋಡಿದ್ದೀರಾ? "ಅಯ್ಯೋ, ಅದನ್ನೇನು ಎಣಿಸೋದು, ಬೇರೆ ಕೆಲಸ ಇಲ್ವಾ?" ಎನ್ನಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳೇ. ಹಾಲು ಉಕ್ಕುವುದಕ್ಕೆ ಎಷ್ಟು ಹೊತ್ತು, ಕುಕ್ಕರು ಮೂರು ಸೀಟಿ ಕೂಗುವುದಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕವಷ್ಟೇ ನನಗೆ ಗೊತ್ತಿದ್ದದ್ದು. ಈಗ ಇನ್ನೊಂದು ಲೆಕ್ಕವೂ ಬಾಯಿಪಾಠವಾಗಿದೆ. ನಮ್ಮ ಮನೆಯೆದುರಿನ ರಸ್ತೆಯ ಅಗಲ 14 ಮೀಟರು. ಪಿ.ಯು.ಸಿ. ಓದುವ ನನ್ನ ಮಗ ಅದನ್ನು 8 ಸೆಕೆಂಡಿನಲ್ಲಿ ದಾಟುತ್ತಾನೆ. ನನಗೆ 12 ಸೆಕೆಂಡು ಬೇಕು. ನಮ್ಮತ್ತೆಗೆ 24.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಇದೇ ಹೆದ್ದಾರಿ. ಹೆದ್ದಾರಿ ಎಂದರೆ ಹೆಸರಿಗಷ್ಟೇ. ಗುಂಡಿಗೊಂದು ಗುಂಡಿ, ಮಳೆಗಾಲದಲ್ಲಿ ಒಂದೊಂದೂ ಪುಟ್ಟ ಕೆರೆ. ಬಸ್ಸು ಬಂದರೆ ತೇಲಾಡುತ್ತಾ ಬರುತ್ತಿತ್ತು. ಆಮೇಲೆ ಊರ ಹೊರಗೆ ಬೈಪಾಸು ಆಯಿತು, ಹಳೆಯ ರಸ್ತೆ ಊರಿನ ಪಾಲಿಗೆ ಬಂತು. 2019ರಲ್ಲಿ ಅದನ್ನು ಅಗಲ ಮಾಡಿದರು. ಎರಡು ಹೊಂಗೆ ಮರ ಹೋದವು, ನಮ್ಮ ಕಾಂಪೌಂಡಿನ ಮುಂದಿನ ಜಗಲಿಯೂ ಹೋಯಿತು. ಆದರೂ ನಾವೆಲ್ಲ ಖುಷಿಪಟ್ಟೆವು ನೋಡಿ! ಕನ್ನಡಿಯಂಥ ಡಾಂಬರು. ನಮ್ಮವರಂತೂ ಮೊದಲ ದಿನ ಸ್ಕೂಟರಿನಲ್ಲಿ ಸುಮ್ಮಸುಮ್ಮನೆ ಎರಡು ಸಲ ಹೋಗಿಬಂದರು. ಆ ಗುಂಡಿಗಳೇ ಅಷ್ಟು ವರ್ಷ ನಮ್ಮೂರಿನ ಟ್ರಾಫಿಕ್ ಪೊಲೀಸರಾಗಿದ್ದವು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ರಸ್ತೆಯ ಆಚೆ ಬದಿಗೆ ಆಂಜನೇಯನ ಗುಡಿ. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಪುಟ್ಟ ಹಿತ್ತಾಳೆ ಬುಟ್ಟಿಯಲ್ಲಿ ಹೂವಿಟ್ಟುಕೊಂಡು ಹೋಗಿ ಬರುತ್ತಿದ್ದರು. ಬರುವಾಗ ಬುಟ್ಟಿಯಲ್ಲಿ ತುಳಸಿ, ಬಾಯಲ್ಲಿ ಊರ ಸುದ್ದಿ. ಯಾರ ಮನೆಯಲ್ಲಿ ಸೀಮಂತ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ನನಗೆ ತಲುಪುತ್ತಿದ್ದದ್ದು ಆ ಬುಟ್ಟಿಯ ಜೊತೆಗೇ. 2020ರಲ್ಲಿ ಕೊರೊನಾ ಬಂದು ಗುಡಿಯ ಬಾಗಿಲು ಮುಚ್ಚಿತು. ಬಾಗಿಲು ತೆರೆದ ಮೇಲೂ ಅತ್ತೆ ಹೋಗಲಿಲ್ಲ. ಕೇಳಿದರೆ "ಮಂಡಿ ನೋವು ಕಣಮ್ಮ" ಎಂದರು. 76 ವರ್ಷದವರು, ಮಂಡಿ ನೋಯದೆ ಇರುತ್ತದೆಯೇ? ಎಣ್ಣೆ ತಿಕ್ಕಿದೆ, ಮುಲಾಮು ತಂದುಕೊಟ್ಟೆ. ಅಷ್ಟಕ್ಕೆ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ.

2022ರ ಒಂದು ಶನಿವಾರ. ಅಡಿಗೆಮನೆಯ ಕಿಟಕಿಯಿಂದ ಗೇಟು ಕಾಣುತ್ತದೆ. ನೋಡುತ್ತೇನೆ, ಅತ್ತೆ ಬುಟ್ಟಿ ಹಿಡಿದು ಗೇಟಿನ ಹೊರಗೆ ನಿಂತಿದ್ದಾರೆ. ಒಂದು ಹೆಜ್ಜೆ ಮುಂದಿಟ್ಟರು, ಹಿಂದೆ ಬಂದರು. ಮತ್ತೆ ಮುಂದಿಟ್ಟರು, ಒಂದು ಟೆಂಪೋ ಕಿರುಚಿಕೊಂಡು ಹೋಯಿತು, ಮತ್ತೆ ಹಿಂದೆ. ನಾನು ಹುರಿಗಡಲೆ ರುಬ್ಬಿ ಮುಗಿಸಿದರೂ ಅಲ್ಲೇ ಇದ್ದರು. ಕೊನೆಗೆ ಗೇಟಿನ ಕಂಬಕ್ಕೇ ಹೂವಿಟ್ಟು, ಕೈಮುಗಿದು ಒಳಗೆ ಬಂದರು.

"ಯಾಕತ್ತೆ, ಗುಡಿಗೆ ಹೋಗ್ಲಿಲ್ವಾ?"

"ಹೋಗ್ಬೇಕು ಅಂತ್ಲೇ ಹೊರಟೆ ಕಣಮ್ಮ. ಇದೊಂದು ಹೋಗ್ಲಿ, ಅದೊಂದು ಹೋಗ್ಲಿ ಅಂತ ನಿಂತೆ. ಮುಗಿಯೋದೇ ಇಲ್ವಲ್ಲ. ಆಂಜನೇಯ ಇಲ್ಲಿಂದ್ಲೂ ಕಾಣ್ತಾನೆ ಬಿಡು."

"ಎಷ್ಟು ದಿನದಿಂದ ಹೀಗೆ?"

ಅತ್ತೆ ಮಾತಾಡಲಿಲ್ಲ. ಬುಟ್ಟಿಯನ್ನು ಮೊಳೆಗೆ ತಗುಲಿಹಾಕಿ ಕೋಣೆಗೆ ಹೋದರು. ಮಂಡಿಯ ನೋವೆಂದು ನಾನು ಎರಡು ವರ್ಷ ಎಣ್ಣೆ ತಿಕ್ಕಿದ್ದೆನಲ್ಲ, ಅದು ಮಂಡಿಯ ನೋವೇ ಆಗಿರಲಿಲ್ಲ.

ಮರುದಿನ ನಾನೇ ಕೈಹಿಡಿದು ದಾಟಿಸಿದೆ. ಆಗಲೇ ಎಣಿಸಿದ್ದು, 24. ಮನೆಗೆ ಬಂದು ಮಗನಿಗೆ ಹೇಳಿದರೆ ಅವನು ಪೆನ್ನು ಹಿಡಿದು ಕೂತ. "ಅಮ್ಮ, 50 ಕಿಲೋಮೀಟರ್ ವೇಗದಲ್ಲಿ ಬರೋ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರು ಓಡುತ್ತೆ. 24 ಸೆಕೆಂಡಿಗೆ 330 ಮೀಟರಿಗೂ ಜಾಸ್ತಿ. ಅಜ್ಜಿ ಕಾಲಿಡೋವಾಗ ಆ ಗಾಡಿ ತಿರುವಿನ ಆಚೆ ಪೆಟ್ರೋಲ್ ಬಂಕಿನ ಹತ್ತಿರ ಇರುತ್ತೆ. ಅಜ್ಜಿಗೆ ಅದು ಕಾಣೋದೇ ಇಲ್ಲ!" ಎಂದ. ನನಗೆ ಮೈ ಜುಂ ಎಂದಿತು. 'ಎರಡೂ ಕಡೆ ನೋಡಿ ದಾಟಿ' ಎಂದು ನಾವು ಮುದುಕರಿಗೂ ಮಕ್ಕಳಿಗೂ ಬುದ್ಧಿ ಹೇಳುತ್ತಲೇ ಇರುತ್ತೇವೆ. ಪಾಪ, ಅವರು ಎರಡೂ ಕಡೆ ನೋಡಿಯೇ ಇರುತ್ತಾರೆ. ನೋಡಿದಾಗ ರಸ್ತೆ ಖಾಲಿಯೇ ಇರುತ್ತದೆ.

ಅವನು ಇನ್ನೊಂದು ಲೆಕ್ಕವನ್ನೂ ಹೇಳಿದ. ಎದುರಿಗೆ ಯಾರೋ ಕಂಡರು ಎಂದು ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಕಳೆದಿರುತ್ತದಂತೆ. 60 ಕಿ.ಮೀ. ವೇಗದಲ್ಲಿ ಬರುವವನು ಬ್ರೇಕು ಮುಟ್ಟುವ ಮೊದಲೇ ಸುಮಾರು 17 ಮೀಟರು ಮುಂದೆ ಬಂದಿರುತ್ತಾನೆ. ಬ್ರೇಕು ಒತ್ತಿ ಗಾಡಿ ನಿಲ್ಲುವುದಕ್ಕೆ ಇನ್ನೂ 20 ಮೀಟರು. 30ರಲ್ಲಿ ಬರುವವನಿಗೆ ಎರಡೂ ಸೇರಿ ಸುಮಾರು 13 ಮೀಟರು ಸಾಕು. ವೇಗ ಎರಡರಷ್ಟಾದರೆ ಏಟಿನ ಶಕ್ತಿ ನಾಲ್ಕರಷ್ಟು. ನಾನು ಎಸ್.ಎಸ್.ಎಲ್.ಸಿ.ಗೇ ನಿಲ್ಲಿಸಿದವಳು, ಆದರೂ ಇಷ್ಟು ಅರ್ಥವಾಯಿತು. ಗಾಡಿ 50ರ ಬದಲು 65ರಲ್ಲಿ ಬಂದು ಬಡಿದರೆ ನಡೆದು ಹೋಗುವವರು ಸಾಯುವ ಸಂಭವ ನಾಲ್ಕೂವರೆ ಪಟ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. 2022 ಒಂದೇ ವರ್ಷ ನಮ್ಮ ದೇಶದ ರಸ್ತೆಗಳಲ್ಲಿ ತೀರಿಕೊಂಡ ಪಾದಚಾರಿಗಳು 32,825 ಮಂದಿ ಎಂಬುದು ಸರ್ಕಾರದ್ದೇ ಲೆಕ್ಕ. ದಿನಕ್ಕೆ 90 ಜನ ಆಯಿತು!

ಇಷ್ಟೆಲ್ಲ ತಿಳಿದು ಗಾಡಿಯವರನ್ನು ಮನಸಾರೆ ಬೈದುಕೊಂಡೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಅದೇ ವಾರ ನಡೆದದ್ದನ್ನು ಹೇಳಿಬಿಡುತ್ತೇನೆ.

ನನ್ನ ಹತ್ತಿರವೂ ಒಂದು ಸ್ಕೂಟರಿದೆ. ಎಂಟನೇ ಕ್ಲಾಸಿನ ಮಗಳನ್ನು ಶಾಲೆಗೆ ಬಿಟ್ಟು ಬರುವುದು ನನ್ನ ಕೆಲಸ. ಅವತ್ತು ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ, ಸಣ್ಣ ಉರಿಯಲ್ಲಿ. ಮಗಳನ್ನು ಇಳಿಸಿ ವಾಪಸು ಬರುತ್ತಿದ್ದೇನೆ, ಶಾಲೆಯ ಮುಂದೆ ಬಿಳಿ ಪಟ್ಟೆಯ ಮೇಲೆ ಒಬ್ಬ ಮುದುಕಿ ಸೊಪ್ಪಿನ ಚೀಲ ಹಿಡಿದು ಅರ್ಧಕ್ಕೆ ಬಂದಿದ್ದಾಳೆ. ನಾನು ಏನು ಮಾಡಿದೆ ಗೊತ್ತೇ? ವೇಗ ಕಡಿಮೆ ಮಾಡಲಿಲ್ಲ. ಹಾರನ್ ಒತ್ತಿದೆ. ಒತ್ತಿಕೊಂಡೇ ಬಂದೆ. ಆಕೆ ಗಾಬರಿಯಾಗಿ ಹಿಂದಕ್ಕೆ ಸರಿದಳು, ಚೀಲ ಬಿತ್ತು, ದಂಟಿನ ಸೊಪ್ಪು ರಸ್ತೆಯ ತುಂಬ ಹರಡಿತು. ನಾನು ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಆಕೆ ಬಗ್ಗಿ ಸೊಪ್ಪು ಆಯುತ್ತಿದ್ದಳು, ಪಕ್ಕದಲ್ಲೇ ಆಟೋ ಹೋಯಿತು. ಮನೆಗೆ ಬಂದರೆ ಬೇಳೆಗೆ ಏನೂ ಆಗಿರಲಿಲ್ಲ.

ಆಕೆಯೂ ಯಾರಿಗೋ ಅತ್ತೆಯೇ ಅಲ್ಲವೇ? ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಗನ ಹತ್ತಿರ ಇನ್ನೊಂದು ಲೆಕ್ಕ ಹಾಕಿಸಿದೆ. ಶಾಲೆಯ ಅಕ್ಕಪಕ್ಕದ 200 ಮೀಟರನ್ನು 40ರ ಬದಲು 20ರ ವೇಗದಲ್ಲಿ ಹೋದರೆ ನನಗಾಗುವ ನಷ್ಟ ಎಷ್ಟು? 18 ಸೆಕೆಂಡು. ಒಗ್ಗರಣೆಗೆ ಸಾಸಿವೆ ಸಿಡಿಯುವುದಕ್ಕೂ ಸರಿಯಾಗಿ ಸಾಲದ ಹೊತ್ತು.

ನಮ್ಮ ಮನೆಯೆದುರಿಗೂ ಅರ್ಜಿ ಕೊಟ್ಟ ಮೇಲೆ ಬಿಳಿ ಪಟ್ಟೆ ಬಳಿದರು. ಜೀಬ್ರಾ ಪಟ್ಟೆ ಅಂತಾರಲ್ಲ, 1951ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದಂತೆ. ಪಟ್ಟೆ ಬಳಿದ ದಿನ ಅತ್ತೆ ಕೇಳಿದರು: "ಇದರ ಮೇಲೆ ನಿಂತ್ರೆ ಗಾಡಿ ನಿಲ್ಲುತ್ತೇನಮ್ಮ?" ಕಾಯಿದೆ ಪ್ರಕಾರ ನಿಲ್ಲಲೇಬೇಕು. ಸಿಗ್ನಲ್ ಇಲ್ಲದ ಪಟ್ಟೆಯ ಹತ್ತಿರ ಗಾಡಿಯವನು ನಿಧಾನಿಸಿ, ನಿಂತು, ನಡೆಯುವವರಿಗೆ ದಾರಿ ಬಿಡಬೇಕೆಂದು 2017ರ ವಾಹನ ಚಾಲನಾ ನಿಯಮಗಳಲ್ಲೇ ಇದೆ. ಆದರೆ ನಮ್ಮೂರಿನಲ್ಲಿ ಆ ಪಟ್ಟೆಯನ್ನು ರಂಗೋಲಿ ಎಂದುಕೊಂಡವರೇ ಹೆಚ್ಚು. ಯಾರೂ ನಿಲ್ಲಲಿಲ್ಲ. ಒಬ್ಬ ನಿಂತರೆ ಹಿಂದಿನವನು ಅವನನ್ನು ಬೈದು, ಪಕ್ಕದಿಂದ ನುಗ್ಗುತ್ತಿದ್ದ. ಅದು ಇನ್ನೂ ಅಪಾಯ. ನಿಂತ ಗಾಡಿಯ ಮರೆಯಲ್ಲಿ ದಾಟುತ್ತಿರುವವರು ಆ ಎರಡನೆಯವನಿಗೆ ಕಾಣುವುದೇ ಇಲ್ಲ. ನೀವು ಸ್ಕೂಟರಿನಲ್ಲಿದ್ದು ಯಾರಿಗಾದರೂ ದಾರಿ ಬಿಟ್ಟರೆ, ದಯವಿಟ್ಟು ಬಲಗೈ ಚಾಚಿ ಹಿಂದಿನವರಿಗೂ ನಿಲ್ಲುವಂತೆ ಸನ್ನೆ ಮಾಡಿ. ನಾನು ಈಗ ಹಾಗೇ ಮಾಡುತ್ತೇನೆ. ಕೆಲವರು ಬೈಯುತ್ತಾರೆ, ಬೈಯಲಿ.

ಅಷ್ಟರಲ್ಲಿ ನಮ್ಮ ಬೀದಿಯ ಶಾಲಾ ಹುಡುಗಿಯೊಬ್ಬಳಿಗೆ ಕಾರು ಬಡಿದು ಕಾಲು ಮುರಿಯಿತು. ಬೀದಿಯ ಹುಡುಗರಿಗೆ ರೋಷ ಬಂತು. "ಆಫೀಸಿನವರನ್ನ ಕಾದ್ರೆ ಆಯ್ತು, ನಾವೇ ಹಂಪು ಹಾಕ್ತೀವಿ" ಎಂದು ಮನೆಮನೆಗೆ ಚಂದಾ ಕೇಳಿದರು. ನಾನೂ ಸಾಸಿವೆ ಡಬ್ಬಿಯಿಂದ 200 ರೂಪಾಯಿ ತೆಗೆದುಕೊಟ್ಟೆ. ಒಂದೇ ರಾತ್ರಿಯಲ್ಲಿ ಹಂಪು ಎದ್ದಿತು. ಒಂದು ಮೊಳ ಅಗಲ, ಅರ್ಧ ಅಡಿ ಎತ್ತರ, ಹಸುವಿನ ಬೆನ್ನೆಲುಬಿನ ಹಾಗೆ! ಬಣ್ಣವಿಲ್ಲ, ಬೋರ್ಡಿಲ್ಲ, ಅಲ್ಲಿ ಬೀದಿದೀಪವೂ ಇಲ್ಲ. ಎರಡು ದಿನ ಗಾಡಿಗಳು ತೆವಳಿಕೊಂಡು ಹೋಗುವುದನ್ನು ನೋಡಿ ಹಿಗ್ಗಿದೆವು.

ಮೂರನೆಯ ರಾತ್ರಿ ಪರಊರಿನ ಗಂಡ ಹೆಂಡತಿ ಬೈಕಿನಲ್ಲಿ ಬಂದರು. ಆಕೆ ಸೀರೆಯುಟ್ಟು ಒಂದೇ ಬದಿಗೆ ಕೂತಿದ್ದಳು, ತೊಡೆಯ ಮೇಲೆ ಮಗು. ಸದ್ದು ಕೇಳಿ ನಾವೆಲ್ಲ ಓಡಿದೆವು. ಮಗುವನ್ನು ಎದೆಗೆ ಅವಚಿಕೊಂಡೇ ಬಿದ್ದಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ, ಆಕೆಯ ಮುಂಗೈ ಮೂಳೆ ಮುರಿದಿತ್ತು. ಬಳೆ ಚೂರುಗಳನ್ನು ನಾನೇ ಆಯ್ದು ತೆಗೆದೆ. "ಇಲ್ಲಿ ಹಂಪು ಇದೆ ಅಂತ ಗೊತ್ತೇ ಆಗ್ಲಿಲ್ಲ ಅಕ್ಕ" ಎನ್ನುತ್ತಿದ್ದಳು. ನನ್ನ 200 ರೂಪಾಯಿಯ ಹಂಪು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅದನ್ನು ಒಡೆಯಲು ಬಂದ ಚಿಕ್ಕ ವಯಸ್ಸಿನ ಇಂಜಿನಿಯರರು ಒಳ್ಳೆಯವರು. ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿ ಕೇಳಿದೆ: ಹಾಗಾದರೆ ಸರಿಯಾದ ಹಂಪು ಎಂದರೆ ಹೇಗಿರಬೇಕು? ನಗುತ್ತಾ ಹೇಳಿದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಅದಕ್ಕೆಲ್ಲ ಅಳತೆ ಬರೆದಿಟ್ಟಿದೆಯಂತೆ. ಉದ್ದಕ್ಕೆ 3.7 ಮೀಟರು, ಎಂದರೆ ಸುಮಾರು 12 ಅಡಿ. ನಡುಮಧ್ಯೆ ಎತ್ತರ ಬರೀ 10 ಸೆಂಟಿಮೀಟರು. ಮಗುಚಿದ ದೋಸೆ ಹೆಂಚಿನ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. 25 ಕಿ.ಮೀ. ವೇಗದಲ್ಲಿ ಹೋದವನಿಗೆ ಸೊಂಟಕ್ಕೆ ಏನೂ ಆಗುವುದಿಲ್ಲ, 50ರಲ್ಲಿ ಹೋದವನಿಗೆ ಮಾತ್ರ ಎತ್ತಿಹಾಕುತ್ತದೆ. ಮೊದಲೇ ಎಚ್ಚರಿಸುವ ಬೋರ್ಡು, ರಾತ್ರಿ ಹೊಳೆಯುವ ಬಣ್ಣ, ದೀಪ ಎಲ್ಲ ಬೇಕು. "ಅದಕ್ಕಿಂತ ಚೆನ್ನಾಗಿರೋದು ಇನ್ನೊಂದಿದೆ ಮೇಡಂ" ಎಂದು ಅಲ್ಲೇ ಪೇಪರಿನಲ್ಲಿ ಚಿತ್ರ ಬರೆದರು. ಜೀಬ್ರಾ ಪಟ್ಟೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದು. ಮೇಲೆ ಸಮತಟ್ಟು, ಎರಡೂ ಕಡೆ ಇಳಿಜಾರು. ನಡೆಯುವವರು ಮೆಟ್ಟಿಲು ಇಳಿದು ಹತ್ತುವ ಹಾಗಿಲ್ಲ, ಗಾಡಿಯೇ ಏರಿ ಇಳಿಯಬೇಕು. ನನಗೆ ನಮ್ಮ ಹೋದ ಜಗಲಿಯ ನೆನಪಾಯಿತು. ರಸ್ತೆಯ ನಡುವೆ ನಾಲ್ಕು ಜನ ನಿಲ್ಲುವಷ್ಟು ಕಟ್ಟೆ ಮಾಡಿದರೆ ಇನ್ನೂ ಒಳ್ಳೆಯದು. ಅತ್ತೆ ಮೊದಲು ಬಲಗಡೆಯ ಗಾಡಿ ನೋಡಿಕೊಂಡು 12 ಸೆಕೆಂಡು, ಕಟ್ಟೆಯ ಮೇಲೆ ಉಸಿರು ಬಿಟ್ಟು, ಆಮೇಲೆ ಎಡಗಡೆ ನೋಡಿಕೊಂಡು 12 ಸೆಕೆಂಡು ನಡೆದರಾಯಿತು.

"ಹಾಗಾದ್ರೆ ಮಾಡಿಕೊಡಿ" ಎಂದೆ. "ನನ್ನ ಕೈಲಿಲ್ಲ, ಮೇಲಿನವರಿಗೆ ಬರೀಬೇಕು" ಎಂದರು. ಎಲ್ಲ ಕಡೆ ಇದ್ದದ್ದೇ!

ನನ್ನ ತಂಗಿ ಹಾಲೆಂಡಿನ ಐಂಡ್‌ಹೋವನ್‌ನಲ್ಲಿದ್ದಾಳೆ, ಅವಳ ಗಂಡನ ಕೆಲಸ ಅಲ್ಲಿ. ವಾರಕ್ಕೊಮ್ಮೆ ವಿಡಿಯೋ ಕರೆ ಮಾಡುತ್ತಾಳೆ. ಈ ಗೋಳನ್ನೆಲ್ಲ ಹೇಳಿಕೊಂಡಾಗ, "ನಿಮಗೆ ಅಲ್ಲಿ ಭಾಗ್ಯವಪ್ಪ, ಎಲ್ಲ ಶಿಸ್ತು" ಎಂದೆ. ಅವಳು, "ಶಿಸ್ತು ತಾನಾಗಿ ಬಂದಿಲ್ಲ ಅಕ್ಕ" ಎಂದು ಒಂದು ವಿಷಯ ಹೇಳಿದಳು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದ ಮಕ್ಕಳೇ 400ಕ್ಕೂ ಹೆಚ್ಚು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತರು 1972ರಲ್ಲಿ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ತಲೆಬರಹ ಕೊಟ್ಟು ಲೇಖನ ಬರೆದರು. ಅದೇ ಹೆಸರಿನ ಚಳವಳಿ ಎದ್ದಿತು. ಮುಂದಾಳತ್ವ ವಹಿಸಿದವರಲ್ಲಿ ಒಬ್ಬರು ಮಾರ್ತ್ಯೆ ಫಾನ್ ಪುಟೆನ್ ಎಂಬ ತರುಣ ತಾಯಿ. ಅವರು ಬೀದಿಗಳನ್ನು ಗಾಡಿಗಳಿಗೆ ಮುಚ್ಚಿ, ಮಕ್ಕಳನ್ನು ಆಡಲು ಬಿಟ್ಟು, ರಸ್ತೆಯಲ್ಲೇ ಮೇಜು ಹಾಕಿ ಎಲ್ಲರೂ ಸೇರಿ ಊಟ ಮಾಡಿದರಂತೆ! 1976ರಲ್ಲಿ ಅಲ್ಲಿನ ಸರ್ಕಾರವೇ, ಮನೆಗಳ ನಡುವಿನ ಬೀದಿಗಳಲ್ಲಿ ಗಾಡಿಗಳು ನಡಿಗೆಯ ವೇಗದಲ್ಲಿ ಹೋಗಬೇಕು ಎಂಬ ಕಾನೂನು ತಂದಿತು. ಹಂಪು, ತಿರುವು, ಗಿಡದ ಕುಂಡ ಎಲ್ಲ ಇಟ್ಟು ಬೀದಿಯನ್ನೇ ಹಾಗೆ ಕಟ್ಟಿದರು.

ಬೀದಿಯಲ್ಲಿ ಊಟ ಹಾಕುವುದು ನಮಗೆ ಹೊಸದೇ? ಗಣೇಶನ ಹಬ್ಬಕ್ಕೆ ವರ್ಷಾ ವರ್ಷಾ ಹಾಕುತ್ತೇವೆ. ಆದರೆ ಗಾಡಿ ನಿಲ್ಲಿಸುವುದಕ್ಕೆ ಅಂತ ಹಾಕಿರಲಿಲ್ಲ ಅಷ್ಟೇ.

ಊಟದ ಧೈರ್ಯ ನಮಗೆ ಬರಲಿಲ್ಲ, ಬೇರೆ ಮಾಡಿದೆವು. ನಮ್ಮ ಮಹಿಳಾ ಸಂಘದ ಏಳು ಜನ ಮೂರು ದಿನ ಬೆಳಿಗ್ಗೆ ರಸ್ತೆಬದಿ ನಿಂತು, ದಾಟುವವರಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದೆವು. ಹೂವಿನವಳು 15. ತುಂಬು ಬಸುರಿ 19. ಊರುಗೋಲಿನ ನಿವೃತ್ತ ಮೇಷ್ಟ್ರು 31. ಒಂದನೇ ಕ್ಲಾಸಿನ ಮೂರು ಮಕ್ಕಳ ಮುಂದೆ ಏನೂ ಬರೆಯಲಾಗಲಿಲ್ಲ, ನಡುವೆ ಹೋದವು ಹಿಂದಕ್ಕೆ ಓಡಿ ಬಂದುಬಿಟ್ಟವು. ಆ ಪುಸ್ತಕವನ್ನು ಅರ್ಜಿಗೆ ಹೊಲಿದು ಕಚೇರಿಗೆ ಹೋದೆವು. ಅಲ್ಲಿ ಕೂತವರು ಹಾಳೆ ತಿರುವಿ, "ಇಲ್ಲಿ ಇನ್ನೂ ಯಾರೂ ಸತ್ತಿಲ್ಲವಲ್ಲಮ್ಮ" ಎಂದರು. ನನಗೆ ಬಾಯಿ ಕಟ್ಟಿತು. ಎಂದೂ ಗಟ್ಟಿಯಾಗಿ ಮಾತಾಡದ ನಮ್ಮ ಪಕ್ಕದ ಮನೆಯಾಕೆ, "ಯಾರು ಸಾಯ್ಲಿ ಅಂತ ಕಾಯ್ತಿದ್ದೀರಾ ಸ್ವಾಮಿ? ಹೆಸರು ಹೇಳಿ, ಕಳಿಸ್ತೀವಿ" ಎಂದರು ನೋಡಿ! ಕಚೇರಿಯೆಲ್ಲ ಸ್ತಬ್ಧ.

ಆಮೇಲೂ ಹದಿನಾಲ್ಕು ತಿಂಗಳು ಅಲೆದೆವು. ಅದನ್ನು ವಿವರಿಸಿ ನಿಮ್ಮ ತಲೆ ತಿನ್ನುವುದಿಲ್ಲ. ನಮ್ಮವರು ಕೂಡ ಮೊದಮೊದಲು "ನಿಂಗ್ಯಾಕೆ ಊರ ಉಸಾಬರಿ, ಹಂಪು ಹಾಕಿದ್ರೆ ನನ್ನ ಬೆನ್ನು ಕೇಳಬೇಕು" ಎನ್ನುತ್ತಿದ್ದರು. 18 ಸೆಕೆಂಡಿನ ಲೆಕ್ಕ ಹೇಳಿದ ಮೇಲೆ ಸುಮ್ಮನಾದರು. ಅವರ ತಾಯಿಯ 24 ಸೆಕೆಂಡಿನ ಲೆಕ್ಕ ಹೇಳಿದ ಮೇಲೆ ಎರಡು ಸಲ ರಜೆ ಹಾಕಿ ನಮ್ಮ ಜೊತೆ ಕಚೇರಿಗೂ ಬಂದರು.

ಅಂತೂ ಇಂತೂ 2024ರ ಬೇಸಿಗೆಯಲ್ಲಿ ಎತ್ತರದ ಪಟ್ಟೆ ಆಯಿತು. ಒಂದು ದೀಪ ಬಂತು. ನಡುವಿನ ಕಟ್ಟೆ ಬಂದಿಲ್ಲ, ಮುಂದಿನ ಕಂತಿನಲ್ಲಿ ಎಂದಿದ್ದಾರೆ. ಒಂದೇ ಮಳೆಗಾಲಕ್ಕೆ ಬಣ್ಣ ಮಾಸಿತು, ಮತ್ತೆ ಬಳಿಸಲು ನಾಲ್ಕು ಸಲ ಫೋನು ಮಾಡಬೇಕಾಯಿತು. ನೀವೂ ನಿಮ್ಮೂರಿನಲ್ಲಿ ಕೇಳುವುದಾದರೆ ಉದ್ದ, ಎತ್ತರ, ಬಣ್ಣ, ದೀಪ ನಾಲ್ಕನ್ನೂ ಅರ್ಜಿಯಲ್ಲೇ ಬರೆಯಿರಿ. ಚಂದಾ ಎತ್ತಿ ರಾತ್ರೋರಾತ್ರಿ ಕಟ್ಟಲು ಮಾತ್ರ ಹೋಗಬೇಡಿ. ಆ ಬಳೆ ಚೂರು ಇನ್ನೂ ನನ್ನ ಕಣ್ಣಮುಂದಿದೆ.

ಪಟ್ಟೆಯಾದ ಮೇಲೂ ಕೆಲವು ತಿಂಗಳು ಅತ್ತೆಯನ್ನು ನಾನೇ ಕೈಹಿಡಿದು ದಾಟಿಸುತ್ತಿದ್ದೆ. ಮೊನ್ನೆ ಮೊನ್ನೆ ಒಂದು ಶನಿವಾರ ಹುಳಿಗೆ ಹೋಳು ಹಾಕುತ್ತಿದ್ದೆ, ಗೇಟಿನ ಸದ್ದಾಯಿತು. ಮೊಳೆಯ ಮೇಲೆ ಬುಟ್ಟಿ ಇಲ್ಲ. ಕಿಟಕಿಯಿಂದ ನೋಡಿದರೆ ಅತ್ತೆ ಒಬ್ಬರೇ ಪಟ್ಟೆಯ ಮೇಲೆ ನಡೆಯುತ್ತಿದ್ದಾರೆ. ಕೂಗೋಣವೆಂದರೆ ಬಾಯಿ ಬರಲಿಲ್ಲ. ಎಣಿಸತೊಡಗಿದೆ. ತಿರುವಿನಿಂದ ಒಂದು ಇಟ್ಟಿಗೆ ಲಾರಿ ಬಂತು, ಪಟ್ಟೆಯ ಹತ್ತಿರ ನಿಧಾನಿಸಿತು, ನಿಂತಿತು. ಡ್ರೈವರು ಹಾರನ್ ಮಾಡಲಿಲ್ಲ. ಅತ್ತೆ ಅವನತ್ತ ತಿರುಗಿಯೂ ನೋಡಲಿಲ್ಲ, ಸೆರಗು ಸರಿಮಾಡಿಕೊಂಡು ನಡೆದರು. ಈಗ ಮೊದಲಿಗಿಂತ ನಿಧಾನ, 29 ಆಯಿತು.

ನಾನು ಒಲೆಯ ಕಡೆ ತಿರುಗುವಷ್ಟರಲ್ಲಿ ಹುಳಿ ತಳ ಹಿಡಿದಿತ್ತು.